ಒಂದು ಹಿಡಿ ಹೊಟ್ಟು

ಜಕ್ಕಲಿಯ ನಮ್ಮ ತವರುಮನೆಯಲ್ಲಿ ಬಾಣಂತಿ ಕೋಣೆ ಎಂದು ಬೇರೆ ಇರಲಿಲ್ಲ. ಜೋಳದ ಚೀಲಗಳನ್ನು ಒಂದು ಮೂಲೆಗೆ ಸರಿಸಿ, ಉಳಿದ ಜಾಗದಲ್ಲಿ ಹೊರಸು ಹಾಕಿದರೆ ಅದೇ ಬಾಣಂತಿ ಕೋಣೆ. ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಗಾಳಿ ಸೋಂಕೀತೆಂದು ಅದರ ಬಾಯಿಗೂ ಒಂದು ಕಲ್ಲು ಮುಚ್ಚಿದ್ದರು. ಹೊರಸಿನ ಕೆಳಗೆ ಕುಳ್ಳಿನ ಬೆಂಕಿ, ಕಿವಿ ಮುಚ್ಚುವಂತೆ ತಲೆಗೆ ಸುತ್ತಿದ ಬಟ್ಟೆ, ಬಾಯಾರಿ ಕೇಳಿದರೆ ಒಂದೇ ಗುಟುಕು ಬಿಸಿನೀರು. ಅದೇ ಕೋಣೆಯಲ್ಲಿ ನಾನು ಹುಟ್ಟಿದ್ದೆ. ಅಲ್ಲಿಯೇ ನನ್ನ ಮೊದಲ ಕೂಸು ಹುಟ್ಟಿತು, ಅಲ್ಲಿಯೇ ಹೋಯಿತು. ಎರಡನೆಯ ಸಲ ಆ ಹೊರಸಿನ ಮೇಲೆ ನನ್ನನ್ನು ಮಲಗಿಸಿದಾಗ ನಾನಿನ್ನೂ ಹುಡುಗಿಯೇ. ಹಡೆಯುವ ನೋವಿಗಿಂತ ಆ ಗೋಡೆಗಳನ್ನು ಕಂಡೇ ಹೆಚ್ಚು ಅತ್ತೆ. ನರಗುಂದದ ಗುಡ್ಡದ ಮೇಲೆ ಆಗಿನ್ನೂ ಅರಸರಿದ್ದರು, ಅಷ್ಟು ಹಿಂದಿನ ಮಾತು. ಈಗ ಮೊಮ್ಮಗಳ ಪಾಟಿಯ ಮೇಲೆ ಅಕ್ಷರ ಕಲಿತ ಮುದುಕಿ ಇದನ್ನು ಬರೆಯುತ್ತಿದ್ದೇನೆ. ಕೈ ನಡುಗುತ್ತದೆ, ನೆನಪು ನಡುಗುವುದಿಲ್ಲ.

ಆ ಮನೆ ಆಯಿಯದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಎತ್ತು ಹೂಡುವುದರಿಂದ ಹಿಡಿದು ಯಾರ ತಟ್ಟೆಗೆ ಎಷ್ಟು ಬೆಣ್ಣೆ ಎನ್ನುವತನಕ ಆಕೆಯ ಮಾತೇ ಕೊನೆ. ನನ್ನ ಅವ್ವ ಆ ಮನೆಗೆ ಸೊಸೆಯಾಗಿ ಬಂದು ನಾನು ಬಾಣಂತಿಯಾಗುವವರೆಗೂ ಆಯಿಯ ಎದುರಿಗೆ ತಲೆಯೆತ್ತಿ ಮಾತಾಡಿದ್ದನ್ನು ನಾನು ನೋಡಲಿಲ್ಲ. ಅವ್ವನಿಂದ ಸೂಜಿ ಹಿಡಿಯುವುದನ್ನು ಕಲಿತೆ. ಚಿಂದಿ ಬಟ್ಟೆ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಇಡೀ ಓಣಿಯಲ್ಲಿ ನನ್ನ ಕೈಯೇ ಚಲೋ ಎನ್ನುತ್ತಿದ್ದರು. ಉಳಿದದ್ದನ್ನು ಆಯಿಯನ್ನು ನೋಡಿ ನಾನೇ ಕಲಿತೆ. ಬೆಲ್ಲದ ಗಡಿಗೆಗೆ ಆಯಿ ತನ್ನದೇ ಒಂದು ಗಂಟು ಹಾಕುತ್ತಿದ್ದಳು, ಬೇರೆಯವರಿಗೆ ಅದು ಬಾರದು ಎಂಬ ನಂಬಿಕೆ ಆಕೆಗೆ. ಆಕೆಯ ಬೆನ್ನ ಹಿಂದೆ ಕೂತು ಆ ಗಂಟು ಕಲಿತೆ. ಬೆಲ್ಲ ಕಡಿಮೆಯಾದಾಗಲೆಲ್ಲ ಬೈಗುಳ ಇರುವೆಗಳ ಪಾಲಿಗೆ ಹೋಯಿತು. ಅದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದು: ಆಯಿಯಿಂದ ಏನಾದರೂ ಆಗಬೇಕಿದ್ದರೆ ಬೇಕು ಎನ್ನಬಾರದು. ಅಪ್ಪ ಗಜೇಂದ್ರಗಡದ ಸಂತೆಗೆ ಬಂಡಿ ಕಟ್ಟಿದ ದಿನ ನಾನು ಮೂಲೆ ಹಿಡಿದು ಕೂತು, ಬಿಸಿಲಿನಲ್ಲಿ ಯಾರು ಹೋಗುತ್ತಾರೆ ಎಂದು ಗೊಣಗುತ್ತಿದ್ದೆ. ಕೂಡಲೇ ಆಯಿ, ಏಳು, ಹೋಗು, ಮೈಗಳ್ಳಿ ಎಂದು ಬೈದು ಬಂಡಿ ಹತ್ತಿಸುತ್ತಿದ್ದಳು. ಹಿಕಮತಿ ಹುಡುಗಿ, ಭಾರೀ ಉಪಾಯಗಾತಿ ಎಂದು ಓಣಿಯವರು ನಕ್ಕರೆ ನನಗೆ ಹೆಮ್ಮೆಯಾಗುತ್ತಿತ್ತು. ಆ ಹಿಕಮತಿ ಒಂದು ದಿನ ಜೀವ ಉಳಿಸುವುದಕ್ಕೆ ಬೇಕಾದೀತು ಎಂದು ಯಾರಿಗೆ ಗೊತ್ತಿತ್ತು.

ಕೂಸು ಗಂಡು. ಹುಟ್ಟಿದಾಗ ಚಲೋ ಅತ್ತಿತು. ಆದರೆ ನನಗೆ ಹಾಲು ಬರಲಿಲ್ಲ, ಮೊದಲನೆಯ ಸಲದ ಹಾಗೆಯೇ. ಅಳವಿ ಬೀಜದ ಪಾಯಸ ಮಾಡಿದರು, ಬೆಳ್ಳುಳ್ಳಿ ಹುರಿದು ಕೊಟ್ಟರು, ಸಬ್ಬಸಿಗೆ ತಿನ್ನಿಸಿದರು, ಸೂಲಗಿತ್ತಿ ದುರಗವ್ವ ಬೆನ್ನಿಗೆ ಕುದಿನೀರು ಸುರಿದು ತಿಕ್ಕಿದಳು. ಎದೆ ಒಣಗಿದ ಬುರುಡೆ. ಕೂಸು ಬಾಯಿ ಹಾಕುತ್ತಿತ್ತು, ಎಳೆಯುತ್ತಿತ್ತು, ಏನೂ ಸಿಗದೆ ಬಿಡುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಆಡಿನ ಹಾಲಿಗೆ ನೀರು ಬೆರೆಸಿ, ಅರಳೆಯ ಬತ್ತಿ ಅದ್ದಿ ಬಾಯಲ್ಲಿಟ್ಟರು. ಕುಡಿದದ್ದೆಲ್ಲ ಕಾರಿಕೊಂಡಿತು. ಮೊದಲ ಕೂಸೂ ಹೀಗೇ ಕಾರಿಕೊಂಡು, ಹೀಗೇ ತೊಡೆಯ ತೊಗಲು ಜೋತು, ಹೀಗೇ ದನಿ ಸಣ್ಣದಾಗಿ ಹೋಗಿತ್ತು. ಮುಂದೆ ಏನಾಗುವುದು ಎಂದು ನನಗೆ ಗೊತ್ತಿತ್ತು; ಆ ಗೊತ್ತಿದ್ದುದೇ ನನ್ನನ್ನು ಕೊಂದಿತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿಟ್ಟು ನಾದುತ್ತಿದ್ದಳು. ನಮ್ಮದೇ ಜಾತಿಯ ಒಬ್ಬ ಬಾಣಂತಿ ಹಿಂದಿನ ಓಣಿಯಲ್ಲಿದ್ದಳು, ಆಕೆಗೆ ಹೇಳಿ ಕಳಿಸಿದರು. ಆಕೆಯ ಅತ್ತೆ ಬಾಗಿಲಲ್ಲೇ ನಿಂತು, ಒಂದು ಕೂಸನ್ನು ನುಂಗಿದ ಕೋಣೆ ಅದು, ಅಲ್ಲಿಯ ಸೋಂಕು ನಮ್ಮ ಕೂಸಿಗೆ ಬೇಡ ಎಂದು ತಿರುಗಿ ಕಳಿಸಿದಳು.

ಹಾಲಿದ್ದ ಇನ್ನೊಬ್ಬಳು ಇದ್ದಳು, ಗೋಡೆಯಾಚೆಯೇ ಇದ್ದಳು. ಪಿಂಜಾರರ ಹುಸೇನಬಿ. ಆಕೆಯ ಗಂಡ ಅರಳೆ ಹಿಂಜುವ ಬಿಲ್ಲಿನ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ್ದು. ಹುಸೇನಬಿಯ ಮಗಳು ಆಗ ಕೂರಲು ಕಲಿತಿದ್ದಳು, ಕೈಕಾಲಿಗೆ ಮಡಿಕೆ ಬಿದ್ದ ಗುಂಡು ಕೂಸು. ಅವ್ವ ಒಮ್ಮೆ, ಒಮ್ಮೆ ಮಾತ್ರ, ಧೈರ್ಯ ಮಾಡಿ ಹುಸೇನಬಿಯ ಹೆಸರೆತ್ತಿದಳು. ಆಯಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಕೂಸಿನ ಕೊರಳಾಗ ಲಿಂಗ ಕಟ್ಟೇವಿ. ಹಾಲಂದ್ರ ರಗತ ಇದ್ದಂಗ. ಆಕಿ ಹಾಲ ಕುಡದಿದ್ದು ನಮ್ಮ ಮನಿ ಕೂಸು ಹ್ಯಾಂಗ ಆಕ್ಕೈತಿ?”

“ಸತ್ತ ಮ್ಯಾಲೆ ಯಾರ ಮನೀದಾದ್ರ ಏನ್ರಿ ಅತ್ತಿ,” ಎಂದಳು ಅವ್ವ, ಬಹಳ ಮೆಲ್ಲಗೆ.

“ನಮ್ಮ ಮನೀದಾಗೇ ಸಾಯ್ತೈತಿ,” ಎಂದಳು ಆಯಿ, ಮತ್ತೆ ರೊಟ್ಟಿ ಬಡಿದಳು.

ಆಯಿ ಕಟುಕಿ ಎಂದು ಓದುವವರು ತಿಳಿಯಬಾರದು. ಆ ಮಾತು ಆಡಿದ ಮೇಲೆ ಆಕೆ ಉಣ್ಣಲಿಲ್ಲ. ಕೂಸಿನ ಬಾಯಿಗೆ ಬತ್ತಿ ಹಿಡಿದು ಕೂತವಳು ಸೊಂಟ ಹಿಡಿದರೂ ಏಳಲಿಲ್ಲ. ಆದರೆ ಆಕೆ ಹೇಳಿದ್ದು ಹೇಳಿದ್ದೇ. ಆಕೆ ಅಂಜುತ್ತಿದ್ದುದು ಇಡೀ ಲೋಕದಲ್ಲಿ ಒಬ್ಬಳಿಗೆ, ಶೆಟವಿಗೆ. ಹುಟ್ಟಿದ ಕೂಸಿನ ಹಣೆಯ ಮೇಲೆ ಅದರ ಆಯುಷ್ಯ ಬರೆದು ಹೋಗುವ ದೇವಿ ಶೆಟವಿ. ಅಂಥವಳ ಕಣ್ಣಿಗೆ ಮಣ್ಣು ಹಾಕಲು ನಮ್ಮ ಕಡೆ ಒಂದು ದಾರಿ ಉಂಟು. ಮೊದಲ ಕೂಸು ಬಾಳದ ಮನೆಯಲ್ಲಿ ಎರಡನೆಯದನ್ನು ತಿಪ್ಪೆಯ ಮೇಲೆ ಇಡುತ್ತಾರೆ. ಹೊರಗಿನ ಹೆಂಗಸು ಒಬ್ಬಳು ಒಂದು ಮೊರ ಹೊಟ್ಟು ಕೊಟ್ಟು ಅದನ್ನು ಕೊಂಡು ಎತ್ತಿಕೊಳ್ಳುತ್ತಾಳೆ. ಈ ಕೂಸು ಈ ಮನೆಯದಲ್ಲ, ಹೊಟ್ಟಿನ ಬೆಲೆಯದು ಎಂದು ಶೆಟವಿ ತಿಳಿದು ಹಾಗೇ ಹೋಗಿಬಿಡುತ್ತಾಳಂತೆ. ಆಮೇಲೆ ಅದೇ ಹೊಟ್ಟು ತಿರುಗಿ ಕೊಟ್ಟು ಕೂಸನ್ನು ಕೊಂಡುಕೊಳ್ಳುತ್ತಾರೆ. ಎತ್ತಿಕೊಳ್ಳುವವಳು ಸಾಮಾನ್ಯವಾಗಿ ಸೂಲಗಿತ್ತಿ. ಮಾರುವುದು ಕೊಳ್ಳುವುದು ಎರಡೂ ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ದುರಗವ್ವನನ್ನು ಕರೆದು ಈ ಶಾಸ್ತ್ರ ಮಾಡಬೇಕೆಂದು ಆಯಿ ಮೊದಲೇ ಅಂದುಕೊಂಡಿದ್ದಳು. ಓಣಿಯ ಮನೆಮನೆಯಿಂದ ಹಳೆ ಬಟ್ಟೆ ಬೇಡಿ ತಂದು, ಕೂಸಿಗೆ ಕೌದಿ ಹೊಲಿ ಎಂದು ನನ್ನ ಮುಂದೆ ಹಾಕಿದ್ದಳು. ನಾನು ಆ ಚಿಂದಿಗಳನ್ನು ಕೂಡಿಸುತ್ತ ಕೂತಿದ್ದೆ. ಕೂಸು ಪಕ್ಕದಲ್ಲಿ ಬೆಕ್ಕಿನ ಮರಿಯಂತೆ ಕುಂಯ್ಗುಡುತ್ತಿತ್ತು. ಹೊಲಿಯುತ್ತ ಹೊಲಿಯುತ್ತ ನನ್ನ ಕೈ ನಿಂತಿತು.

ನಮ್ಮ ಬಚ್ಚಲಿಗೂ ಹುಸೇನಬಿಯ ಹಿತ್ತಲಿಗೂ ನಡುವೆ ಒಂದೇ ಗೋಡೆ, ಅದರಲ್ಲಿ ಹೊಗೆ ಹೋಗಲು ಒಂದು ಕಿಂಡಿ. ಮರುದಿನ ಸ್ನಾನದ ಹೊತ್ತಿಗೆ, ತಲೆ ತಿರುಗುತ್ತದೆ, ಸುಂಠಿ ಬೇಕು ಎಂದು ದುರಗವ್ವನನ್ನು ಒಳಗೆ ಓಡಿಸಿ ಕಿಂಡಿಗೆ ಬಾಯಿ ಹಚ್ಚಿದೆ.

“ಹುಸೇನಕ್ಕ, ನನ್ನ ಕೂಸು ಉಳಿಯೂದಿಲ್ಲ.”

“ಅಳೂದು ಕೇಳತೈತಿ ನನಗ,” ಎಂದಳು ಆಚೆಯಿಂದ. “ಕೇಳಿದಾಗೊಮ್ಮೆ ನನ್ನ ಕುಬಸ ತೊಯ್ತೈತಿ. ಏನ ಮಾಡಲಿ? ನಿಮ್ಮ ಆಯಿ ಕೊಡೂದಿಲ್ಲಲ್ಲಬೇ.”

“ಕೊಡೂದಿಲ್ಲ. ಆದ್ರ ಮಾರತಾಳ. ತಿಪ್ಪಿ ಮ್ಯಾಲಿಂದ ನೀ ಎತ್ತಿಕೋ. ತಿರುಗಿ ಕೇಳಿದ್ರ ಒಲ್ಲೆ ಅನ್ನು.”

“ಒಲ್ಲೆ ಅಂದ್ರ ನಿಮ್ಮ ಮಂದಿ ನನ್ನ ಸುಮ್ಮನ ಬಿಡತಾರೇನ?”

“ಕಸಗೊಂಡ್ರ ವ್ಯಾಪಾರ ಮುರೀತೈತಿ. ಮುರದ್ರ ಶೆಟವಿಗಿ ಕೂಸಿನ ಗುರ್ತು ಸಿಗತೈತಿ. ಆಯಿ ಅದಕ್ಕ ಕೈ ಹಾಕೂದಿಲ್ಲ.”

ಹುಸೇನಬಿ ಕಿಂಡಿಗೆ ಇನ್ನೂ ಹತ್ತಿರ ಬಂದು ಕೇಳಿದಳು.

“ಎಲ್ಲೀತನಾ ಒಲ್ಲೆ ಅನ್ನಲಿ?”

“ಹಾಲು ಬಿಡೂತನಾ.”

“ಅಷ್ಟ ದಿನ ಎದಿಗಿ ಹಚಗೊಂಡ ಮ್ಯಾಲೆ, ತಿರುಗಿ ಕೊಡಾಕ ನನಗ ಮನಸ ಬರಲಿಲ್ಲಂದ್ರ ನೀಲಿ?”

ಅದನ್ನು ನಾನು ಯೋಚಿಸಿರಲಿಲ್ಲ. ಒಳಗಿನಿಂದ ದುರಗವ್ವನ ಹೆಜ್ಜೆ ಕೇಳಿಸಿತು.

“ಉಳದ್ರ ಸಾಕು,” ಎಂದೆ.

ಇನ್ನು ಆಯಿ ಒಬ್ಬಳು ಉಳಿದಳು. ಮಾರನೆಯ ಬೆಳಗ್ಗೆ ಆಕೆ ಅಳವಿಯ ಬಟ್ಟಲು ಹಿಡಿದು ಬಂದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಏನಾಯಿತು ಎಂದಳು. ಏನಿಲ್ಲ, ಕೆಟ್ಟ ಕನಸು, ಬಿಡು ಎಂದೆ. ಬಿಡು ಎಂದರೆ ಬಿಡುವ ಪೈಕಿಯೇ ಆಯಿ?

“ತಿಪ್ಪಿ ಮ್ಯಾಲೆ ಒಬ್ಬಾಕಿ ಉಡಿ ಒಡ್ಡಿ ನಿಂತಿದ್ಲು ಆಯಿ. ತಲಿ ಬೆಳ್ಳಗಿತ್ತು.”

“ಮುದುಕಿ ಏನ?”

“ಅಲ್ಲ, ಹರೇದಾಕಿ. ತಲೀಗೆ ಏನೋ ಬೆಳ್ಳಂದು ಹತ್ತಿತ್ತು. ನನಗ ಗುರ್ತು ಸಿಗಲಿಲ್ಲ.”

ಆಯಿ ಬಟ್ಟಲನ್ನು ಕೆಳಗಿಟ್ಟಳು. ಗೋಡೆಯಾಚೆ ಬಿಲ್ಲು ಮಿಡಿಯುತ್ತಲೇ ಇತ್ತು. ಅರಳೆಯ ಎಳೆ ತಲೆಗೆ ಹತ್ತದ ಪಿಂಜಾರರ ಹೆಂಗಸನ್ನು ನಮ್ಮ ಊರಲ್ಲಿ ಯಾರೂ ಕಂಡಿಲ್ಲ.

“ಪಿಂಜಾರರ ಹುಸೇನಿ,” ಎಂದಳು ಆಯಿ ತನಗೆ ತಾನೇ.

“ಆಕಿ ಯಾಕ ಆಯಿ, ದುರಗವ್ವನ ಎತ್ತಲಿ. ಅವರು ನಮಗ ಬ್ಯಾಡ,” ಎಂದೆ ನಾನು, ಬಂಡಿ ಹತ್ತಲು ಒಲ್ಲೆ ಎನ್ನುತ್ತಿದ್ದ ಅದೇ ದನಿಯಲ್ಲಿ.

“ನಿನಗೇನ ತಿಳೀತೈತಿ, ಸುಮ್ಮನ ಬೀಳು. ಎತ್ತಿ ತಿರುಗಿ ಕೊಡಾಕ ಆಕಿ ಹಾಲ ಕುಡಸಬೇಕೇನ?”

ಶಾಸ್ತ್ರ ನಡೆದದ್ದು ಅದೇ ದಿನ ಹೊತ್ತೇರುವುದರೊಳಗೆ. ಬಾಣಂತಿ ಹೊರಗೆ ಬರಬಾರದು. ಹಿತ್ತಲ ಬಾಗಿಲ ಹಿಂದೆ ಅವ್ವನ ಭುಜ ಹಿಡಿದು ನಿಂತೆ. ನಾನು ಹೊಲಿದ ಕೌದಿಯಲ್ಲಿ ಸುತ್ತಿದ ಕೂಸು ಸೆಗಣಿ ಕಸದ ಮೇಲೆ ಮಲಗಿತ್ತು, ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಹುಸೇನಬಿ ಮೊರ ತುಂಬ ಹೊಟ್ಟು ತಂದು ಆಯಿಯ ಮುಂದೆ ಸುರಿದಳು. ಬಗ್ಗಿ ಕೂಸನ್ನು ಎತ್ತಿಕೊಂಡಳು. ಆಯಿ ಹೊಟ್ಟನ್ನು ಅದೇ ಮೊರಕ್ಕೆ ತುಂಬಿ ತಿರುಗಿ ಚಾಚಿದಳು.

“ನಿನ್ನ ಹೊಟ್ಟು ನಿನಗ, ನಮ್ಮ ಕೂಸು ನಮಗ. ಕೊಡವಾ.”

“ಒಲ್ಲೆರಿ ಅವ್ವಾರ.”

“ಏನಂದಿ?”

“ಕೊಂಡೀನ್ರಿ. ಮಾರೂದಿಲ್ಲ.”

ಹುಸೇನಬಿ ಕೂಸನ್ನು ಎದೆಗೆ ಅವುಚಿಕೊಂಡಳು. ಅಪ್ಪ ಕೊಟ್ಟಿಗೆಯಿಂದ ಧಾವಿಸಿ ಬಂದ. ಆಯಿ ಕೈಯೆತ್ತಿ ಅವನನ್ನು ತಡೆದಳು. ಹಾಗೆ ತಡೆಯುತ್ತಾಳೆ ಎಂದು ನನಗೆ ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ ಅವ್ವನ ಭುಜಕ್ಕೆ ನನ್ನ ಉಗುರು ನೆಟ್ಟವು. ಹುಸೇನಬಿ ಅಲ್ಲಿಯೇ, ತಿಪ್ಪೆಯ ಅಂಚಿನಲ್ಲಿಯೇ ಕೂತು, ಸೆರಗು ಮರೆಮಾಡಿ ಕೂಸಿಗೆ ಮೊಲೆ ಕೊಟ್ಟಳು. ಅದು ಹಿಡಿಯಿತು. ನುಂಗುವ ಸದ್ದು ನನಗೆ ಕೇಳಿಸಿತು ಎಂದರೆ ಯಾರೂ ನಂಬಲಿಕ್ಕಿಲ್ಲ, ಅಷ್ಟು ದೂರವಿತ್ತು. ನನಗೆ ಕೇಳಿಸಿತು.

ಆಯಿ ಹೊಟ್ಟಿನ ಮೊರ ಹಿಡಿದು ಒಳಗೆ ಬಂದಳು. ನನ್ನ ಮುಂದೆ ನಿಂತಳು.

“ಕನಸಿನ್ಯಾಗ ಆಕಿ ಮತ್ತೇನ ಹೇಳಿದ್ಲು ನೀಲಿ?”

“ಮತ್ತೇನೂ ಇಲ್ಲ ಆಯಿ.”

“ಹಂಗಾರ ನಾ ಹೇಳತೀನಿ ಕೇಳು. ಮಾರಿದ್ದು ಮಾರಿದ್ದ. ಇನ್ನ ಅದನ್ನ ನೀ ಮುಟ್ಟಬ್ಯಾಡ. ನೀ ಎತ್ತಿಕೊಂಡ್ರ ಶೆಟವಿ ಗುರ್ತು ಹಿಡೀತಾಳ. ತಿರುಗಿ ಕೊಂಡ ಮ್ಯಾಲೂ ಅಷ್ಟ, ಅದು ನಿನಗ ಅವ್ವ ಅನ್ನಬಾರದು. ಅಂದದ್ದು ಆಕಿ ಕಿವೀಗೆ ಬಿತ್ತಂದ್ರ ಮುಗೀತು.”

ನನ್ನ ಆಟ ಆಕೆಗೆ ತಿಳಿದಿತ್ತೋ, ಅಥವಾ ನಿಜವಾಗಿಯೂ ಅಂಜಿ ಹೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹಿಕಮತಿ ನಾನು ಕಲಿತದ್ದೇ ಆಕೆಯಿಂದ.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ. ಕೂಸು ಗೋಡೆಯಾಚೆ ಇತ್ತು. ಮೊದಮೊದಲು ಅದರ ಅಳು ಸಣ್ಣಗೆ ಕೇಳುತ್ತಿತ್ತು. ಬರುಬರುತ್ತ ದನಿ ಬಂತು, ಸಿಟ್ಟು ಬಂತು, ಹಟ ಬಂತು. ಅದರ ಅಳು ಗಟ್ಟಿಯಾದಷ್ಟೂ ನಾನು ಹೊರಸಿನ ಮೇಲೆ ಕೂತು ನಗುತ್ತಿದ್ದೆ, ನಗುತ್ತ ಅಳುತ್ತಿದ್ದೆ. ಒಂದು ದಿನ ಹಾಗೆ ಆಲಿಸುತ್ತಿದ್ದಾಗ ನನ್ನ ಕುಬಸ ತೊಯ್ಯಿತು. ಬೆವರು ಎಂದುಕೊಂಡೆ. ಹಾಲು. ಬೇಕಾದಾಗ ಬಾರದ್ದು, ಕೂಸು ಕೈಬಿಟ್ಟ ಮೇಲೆ ಬಂತು. ಅವ್ವನಿಗೆ ತೋರಿಸಿದೆ. ಅವ್ವ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಗೋಡೆಯಾಚೆ ಒಂದು ಮಾತು ಹೇಳಿ ಕಳಿಸಿದ್ದರೆ ಹುಸೇನಬಿ ಅಂದೇ ಕೂಸು ತಂದು ಕೊಡುತ್ತಿದ್ದಳು, ಆಕೆ ಅಂಥವಳು. ಆದರೆ ಈ ಹಾಲು ನಿಲ್ಲುತ್ತದೆ ಎಂದು ಯಾರು ಹೇಳಬೇಕು? ನಾಳೆ ಮತ್ತೆ ಬತ್ತಿದರೆ? ವ್ಯಾಪಾರ ಮುರಿದು ತಂದ ಕೂಸನ್ನು ಎರಡನೆಯ ಸಲ ಯಾರಿಗೆ ಮಾರಲಿ? ಹುಚ್ಚು ಹಿಡಿದವಳಂತೆ ಕೋಣೆಯಲ್ಲಿ ತಿರುಗಿದೆ. ಕೊನೆಗೆ ಬಟ್ಟಲಿಗೆ ಹಿಂಡಿ ಅವ್ವನ ಕೈಗೆ ಕೊಟ್ಟೆ. ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಅವ್ವ ಅದನ್ನು ಕರಿಬೇವಿನ ಬುಡಕ್ಕೆ ಹಾಕಿದಳು. ಕೂಸು ಆಚೆ ಅತ್ತಾಗಲೆಲ್ಲ ಇದೇ ಆಯಿತು. ಆಮೇಲೆ ಹಾಲು ತಾನಾಗಿ ನಿಂತಿತು. ಆ ಗಿಡದ ಎಲೆಯನ್ನು ನಾನು ಬಾಯಿಗೆ ಹಾಕಲಿಲ್ಲ.

ಬಾಣಂತನ ಮುಗಿದರೂ ಅಬ್ಬಿಗೇರಿಗೆ, ಗಂಡನ ಮನೆಗೆ, ಹೋಗಲಿಲ್ಲ. ಕೂಸು ಮಾರಾಟದಲ್ಲಿದೆ, ಕೊಂಡು ತರುವವರೆಗೆ ಕಾಯಿರಿ ಎಂದು ಆಯಿ ಹೇಳಿ ಕಳಿಸಿದಳು. ಇಂಥ ಮಾತಿಗೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ. ಹುಸೇನಬಿ ಅವನನ್ನು ತಿಪ್ಪಣ್ಣ ಎಂದು ಕರೆದಳು, ನಾವೂ ಹಾಗೇ ಕರೆದೆವು. ಅವನ ಕೊರಳ ಲಿಂಗದ ಬಟ್ಟೆಯನ್ನು ತಾನೇ ಒಗೆದು, ಒಣಗಿಸಿ, ಯಾರೂ ಹೇಳದೆ ತಿರುಗಿ ಕಟ್ಟುತ್ತಿದ್ದಳು. ಅವನು ಅಂಬೆಗಾಲಿಕ್ಕುತ್ತ ನಮ್ಮ ಹಿತ್ತಲಿಗೆ ಬಂದರೆ ನಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಎಲ್ಲರೂ ಕರೆಯುವುದನ್ನು ಕೇಳಿ ಅವನೂ ನೀಲಿ ಎಂದ. ಅವನು ಆಡಿದ ಎರಡನೆಯ ಮಾತು ಅದು. ಮೊದಲನೆಯದು ಅಮ್ಮಾ, ಅದು ಹುಸೇನಬಿಗೆ.

ಹಾಲು ಬಿಟ್ಟ ಮೇಲೆ ಆಯಿ ಗಂಟು ಕಟ್ಟಿ ಇಟ್ಟಿದ್ದ ಹೊಟ್ಟನ್ನು ಮೊರಕ್ಕೆ ಸುರಿದು ಅದೇ ತಿಪ್ಪೆಯ ಹತ್ತಿರ ಒಯ್ದಳು. ಹುಸೇನಬಿ ಬಂದಳು, ತಿಪ್ಪಣ್ಣ ಆಕೆಯ ಸೀರೆ ಹಿಡಿದು ನಿಂತಿದ್ದ. ಈ ಸಲ ಒಲ್ಲೆ ಎಂದರೆ ಏನು ಗತಿ? ನಾನು ಆಡಿಸಿದ ಮಾತನ್ನು ಆಕೆ ತನ್ನದಾಗಿಸಿಕೊಂಡರೆ ಕೇಳಲು ನನಗೆ ಬಾಯಿಯೂ ಇರಲಿಲ್ಲ. ಹುಸೇನಬಿ ಮೊರ ತೆಗೆದುಕೊಂಡಳು. ಒಂದು ಹಿಡಿ ಹೊಟ್ಟು ತೆಗೆದು ನನ್ನ ಉಡಿಗೆ ಹಾಕಿದಳು.

“ಇಷ್ಟ ನಿನ್ನ ಹತ್ರ ಇರ್ಲಿ. ನನಗ ಬರೂದು ಪೂರಾ ಬರಲಿಲ್ಲ ಅಂದ್ರ ಮಾರಾಟ ಪೂರಾ ಆಗಲಿಲ್ಲ. ಒಂದ ಹಿಡಿಯಷ್ಟು ನನ್ನ ಮಗಾ ಇವ. ನಿಮ್ಮ ಶೆಟವಿ ಹುಡುಕಿಕೊಂಡ ಬಂದ್ರ ಹೇಳು.”

ಅಳುತ್ತಿದ್ದ ಅವನನ್ನು ನನ್ನ ಕಡೆ ನೂಕಿ, ಹಿಂದೆ ನೋಡದೆ ಹೋದಳು. ಆ ದಿನ ಪಿಂಜಾರರ ಮನೆಯಲ್ಲಿ ಬಿಲ್ಲಿನ ಸದ್ದು ಕೇಳಲಿಲ್ಲ.

ಆ ಹಿಡಿಯನ್ನು ಬಟ್ಟೆಯಲ್ಲಿ ಕಟ್ಟಿ ಅಬ್ಬಿಗೇರಿಗೆ ಒಯ್ದು ಜಂತಿಗೆ ತೂಗುಹಾಕಿದೆ, ಆಯಿಯ ಗಂಟು ಹಾಕಿ. ತಿಪ್ಪಣ್ಣ ನಡೆಯಲು ಬಲ್ಲವನಾದ ಮೇಲೆ ಜಕ್ಕಲಿಯ ದಾರಿ ಅವನ ಕಾಲಿಗೆ ಸವೆಯಿತು. ಮದುವೆಯಾದ, ಮಕ್ಕಳಾದವು, ಮೀಸೆ ನರೆಯಿತು. ನಾನು ಅವನಿಗೆ ನೀಲಿಯೇ. ಸೊಸೆಯರು ನಕ್ಕರು, ಊರವರು ನಕ್ಕರು, ನಾನೂ ನಕ್ಕೆ. ಒಲೆಯ ಮುಂದೆ ಒಬ್ಬಳೇ ಇದ್ದಾಗ ನಗು ಬರುತ್ತಿರಲಿಲ್ಲ.

ಹುಸೇನಬಿ ಹಾಸಿಗೆ ಹಿಡಿದಾಗ ಅವನು ಅಲ್ಲಿಯೇ ಇದ್ದ. ಒಂದು ಮುಂಜಾನೆ ಬಂದು, ಏನೂ ಹೇಳದೆ, ಜಂತಿಯ ಗಂಟು ಬಿಚ್ಚಿಕೊಂಡು ಹೋದ. ನನ್ನ ಹೊಟ್ಟು ನನಗೆ ತಂದು ಕೊಡು, ಮಾರಾಟ ಪೂರಾ ಆಗಲಿ, ನೀಲಿಗೂ ವಯಸ್ಸಾಯಿತು ಎಂದು ಹುಸೇನಬಿ ಹೇಳಿದ್ದಳಂತೆ. ಆಕೆಯನ್ನು ಮಣ್ಣು ಮಾಡಿದಾಗ ಆ ಹಿಡಿಯನ್ನು ಮೇಲೆ ಹಾಕಿ, ಸಂಜೆಗೆ ತಿರುಗಿ ಬಂದ. ಒಳಗೆ ಬರಲಿಲ್ಲ, ಕಾಲು ತೊಳೆಯಲು ನೀರಿಗಾಗಿ ಹೊಸ್ತಿಲಾಚೆ ನಿಂತ. ಕಣ್ಣು ಕೆಂಪಾಗಿದ್ದವು.

“ಅವ್ವಾ, ನೀರು ಕೊಡು,” ಎಂದ.

ಎಷ್ಟು ವರ್ಷ ಕಾದ ಮಾತು. ಕಿವಿಗೆ ಬಿದ್ದ ಕೂಡಲೇ ಶೆಟವಿ ನೆನಪಾದಳು. ತಂಬಿಗೆ ಕೆಳಗಿಟ್ಟು, ಹೊಸ್ತಿಲು ದಾಟಿ, ಅವನ ಬಾಯಿಗೆ ಕೈ ಅಡ್ಡ ಹಿಡಿದೆ.

“ಹಂಗ ಅನಬ್ಯಾಡೋ ಯಪ್ಪಾ. ಆಕಿಗಿ ಕೇಳೀತು. ನೀಲಿ ಅನ್ನು.”

ಅವನು ನನ್ನ ಕೈ ಸರಿಸಿದ. ಮೊಮ್ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡಿದ.

“ನೀಲಿ, ನೀರು ಕೊಡು,” ಎಂದ.

ಕೊಟ್ಟೆ.